ಪದಚರ್ಚೆ: ರಸ್ತೆಯ ‘ಒರಟು’, ‘ತರಿ’, ‘ಜಾಳು’

ಎಲ್ಲರಿಗೂ ನಮಸ್ಕಾರ.

ರಸ್ತೆಯ ಮೇಲ್ಪದರಕ್ಕೂ ವಾಹನಗಳ ಸದ್ದಿಗೂ ಇರುವ ನಂಟಿನ ಬಗ್ಗೆ ಮಕ್ಕಳಿಗೂ ತಿಳಿಯುವಂಥ ಒಂದು ಬರಹ ಬರೆಯುತ್ತಿದ್ದೇನೆ. ‘ಒರಟು’ ಅನ್ನುವ ಪದ ಒಂದೇ ಸಾಲುತ್ತಿಲ್ಲ. ನಿಮ್ಮ ಸಲಹೆ ಬೇಕು.

ಕಾರಿನ ವೇಗ ಗಂಟೆಗೆ ಸುಮಾರು 40 ಕಿಲೋಮೀಟರ್ ದಾಟಿತೆಂದರೆ ಎಂಜಿನ್ನಿಗಿಂತ ಟೈರಿನ ಸದ್ದೇ ಜಾಸ್ತಿ. ಆಗ ಟೈರು ಉರುಳುವ ಮೈ ಎಂಥದ್ದು ಅನ್ನುವುದು ಮುಖ್ಯವಾಗುತ್ತದೆ. ಒರಟು ರಸ್ತೆ ಸದ್ದು ಮಾಡುತ್ತದೆ, ನುಣುಪು ರಸ್ತೆ ಮಾಡುವುದಿಲ್ಲ ಅಂತ ಸುಮ್ನೆ ಬರೆದುಬಿಡಬಹುದು. ಆದರೆ ಅದು ನಿಜವಲ್ಲ. ಒರಟಿನಲ್ಲೇ ಎರಡು ಬಗೆಯಿದೆ. ಕೆಲವೇ ಮಿಲಿಮೀಟರ್ ಅಳತೆಯ ಸಣ್ಣ ಒರಟು ಇದ್ದರೆ ಒಳ್ಳೆಯದೇ. ಟೈರಿನ ಸಂದುಗಳಲ್ಲಿ ಸಿಕ್ಕಿಕೊಂಡ ಗಾಳಿಗೆ ಹೊರಹೋಗಲು ದಾರಿಯಾಗುತ್ತದೆ. ತೀರಾ ನುಣುಪಾದ ಮೈಯಲ್ಲಿ ಆ ಗಾಳಿ ಅದುಮಿಕೊಂಡು ರಭಸದಿಂದ ಚಿಮ್ಮಿ ಕೀರಲು ಸದ್ದು ಮಾಡುತ್ತದೆ. ಇನ್ನೊಂದು ಬಗೆಯ ಒರಟು ಸುಮಾರು 5ರಿಂದ 50 ಸೆಂಟಿಮೀಟರ್ ಅಂತರದಲ್ಲಿ ಏಳುತ್ತಾ ಬೀಳುತ್ತಾ ಹೋಗುತ್ತದೆ. ಅದು ಟೈರನ್ನು ಬಡಿದು ಅದುರಿಸುತ್ತದೆ. ಅಲ್ಲಿ ಕೇಳುವುದು ಮೊರೆತ. ಕಲ್ಲು ಹಾಸಿದ ರಸ್ತೆಯಲ್ಲಿ ಅಷ್ಟು ಗದ್ದಲವಾಗುವುದು ಇದರಿಂದಲೇ.

ಮೊದಲನೆಯದಕ್ಕೆ ‘ತರಿ’ ಅಂತ ಬಳಸಿದ್ದೇನೆ. ಕೈಗೆ ತರಿತರಿಯಾಗಿ ತಾಗುವುದು ಎಲ್ಲರಿಗೂ ಗೊತ್ತು, ಅಲ್ವಾ? ಎರಡನೆಯದಕ್ಕೆ ‘ಉಬ್ಬುತಗ್ಗು’ ಅಂದರೆ ಓದುವವರಿಗೆ ಗುಂಡಿ ಬಿದ್ದ ರಸ್ತೆ ಕಣ್ಮುಂದೆ ಬರುತ್ತದೆ. ಇದು ಕಣ್ಣಿಗೆ ಅಷ್ಟಾಗಿ ಕಾಣದ ಏರಿಳಿತ. ‘ಏರುಪೇರು’ ಸರಿಹೋದೀತೇ?

ಕಾಂಕ್ರೀಟ್ ರಸ್ತೆಯದು ಅಷ್ಟು ತೊಡಕಿಲ್ಲ. ಸಮನಾದ ಅಂತರದಲ್ಲಿ ಅಡ್ಡಗೀರು ಹಾಕಿದರೆ ಒಂದೇ ಸ್ವರದ ಗುಂಯ್ ಸದ್ದು ಏಳುತ್ತದೆ. ಉದ್ದಗೀರು ಹಾಕಿದರೆ ಸದ್ದು ಕಡಿಮೆ. ಇವೆರಡೂ ಒಳ್ಳೆಯ ಪದಗಳೇ.

ನಿಜವಾದ ತಲೆನೋವು ಪೋರಸ್ ಆಸ್ಫಾಲ್ಟ್, ಅಂದರೆ ಒಳಗೆಲ್ಲ ಸಣ್ಣ ಸಣ್ಣ ತೂತುಗಳಿರುವ ಡಾಂಬರು ಪದರ. ಸಾಮಾನ್ಯ ಡಾಂಬರು ಪದರದಲ್ಲಿ ಖಾಲಿ ಜಾಗ ಶೇಕಡಾ 5ರ ಆಸುಪಾಸು. ಇದರಲ್ಲಿ ಶೇಕಡಾ 20ರಷ್ಟು. ನೆದರ್‌ಲ್ಯಾಂಡ್ಸ್‌ನ ಹೆದ್ದಾರಿಗಳಲ್ಲಿ ಹೆಚ್ಚಾಗಿ ಇದನ್ನೇ ಹಾಸುತ್ತಾರೆ. ಮಳೆನೀರು ಒಳಗೇ ಇಳಿದು ಬದಿಗೆ ಹರಿದುಹೋಗುತ್ತದೆ, ಸದ್ದೂ 3ರಿಂದ 5 ಡೆಸಿಬಲ್ ಇಳಿಯುತ್ತದೆ. ವಾಹನಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೂ ಕಡಿಮೆಯಾಗುವುದು 3 ಡೆಸಿಬಲ್ ಮಾತ್ರ ಅಂದರೆ ಇದರ ಬೆಲೆ ತಿಳಿಯುತ್ತದೆ. ‘ರಂಧ್ರಯುಕ್ತ ಡಾಂಬರು’ ನನಗೆ ಒಗ್ಗುವುದಿಲ್ಲ. ಅಲ್ಲೊಂದು ಇಲ್ಲೊಂದು ತೂತು ಕೊರೆದ ಹಾಗೆ ಕೇಳಿಸುತ್ತದೆ. ಇಲ್ಲಿನ ತೂತುಗಳು ಒಂದಕ್ಕೊಂದು ಕೂಡಿಕೊಂಡಿರಲೇಬೇಕು, ಇಲ್ಲದಿದ್ದರೆ ನೀರೂ ಇಳಿಯುವುದಿಲ್ಲ, ಗಾಳಿಯೂ ಆಡುವುದಿಲ್ಲ. ‘ಟೊಳ್ಳು’ ಅಂದರೆ ಒಳಗೆ ಏನೂ ಇಲ್ಲವೆಂದಾಯಿತು.

ನನ್ನ ಒಲವು ‘ಜಾಳು ಡಾಂಬರು’ ಕಡೆಗೆ. ಜಾಳು ಬಟ್ಟೆಯಲ್ಲಿ ಎಳೆಗಳ ನಡುವೆ ಗಾಳಿಯಾಡುವಂತೆ ಇಲ್ಲಿ ಜಲ್ಲಿಕಲ್ಲುಗಳ ನಡುವೆ ಆಡುತ್ತದೆ. ದೂಳು ತುಂಬಿ ಈ ಗುಣ ಕಳೆದುಹೋಗುವುದಕ್ಕೆ ‘ಕಟ್ಟಿಕೊಳ್ಳುವುದು’ ಅಂತ ಸಲೀಸಾಗಿ ಹೇಳಬಹುದು. ಒಂದೇ ಅಳುಕು: ‘ಜಾಳುಜಾಳು ಬರಹ’ ಅನ್ನುವಾಗ ಅದು ತೆಗಳಿಕೆ. ಕಳಪೆ ಕೆಲಸದ ರಸ್ತೆ ಅಂತ ಓದುಗರು ತಿಳಿದಾರೇ? ಬಟ್ಟೆಯನ್ನು ಬಿಟ್ಟು ಬೇರೆ ವಸ್ತುಗಳಿಗೆ, ತೆಗಳಿಕೆಯಿಲ್ಲದೆ, ‘ಜಾಳು’ ಬಳಸುವುದನ್ನು ನೀವು ಕೇಳಿದ್ದರೆ ಆ ವಾಕ್ಯವನ್ನೇ ಬರೆದು ತಿಳಿಸಿ.