ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು, ಕೀಲಾಯ್ಡ್ ಅಂತಾರೆ. ಕೊಯ್ಸಿದ್ರೆ ಹೋಗುತ್ತಾ?

ಹಾಸನದ_ಹುಡುಗಿ:

ಎಲ್ರಿಗೂ ನಮಸ್ಕಾರ. ನಂಗೆ 24 ವರ್ಷ. ಹೋದ ವರ್ಷ ಅಕ್ಕನ ಮದುವೇಲಿ ಅಜ್ಜಿಯ ಬುಗುಡಿ ಹಾಕ್ಕೋಬೇಕು ಅನ್ನೋ ಆಸೆಗೆ ಎರಡೂ ಕಿವಿ ಮೇಲ್ಗಡೆ ಚುಚ್ಚಿಸ್ದೆ. ಅಂಗಡೀಲಿ ಗನ್ ಇಟ್ಟು ಹೊಡೆದ್ರು, ಎರಡು ನಿಮಿಷದ ಕೆಲಸ. ಎಡಗಿವಿ ಆರಾಮಾಗಿ ಒಣಗ್ತು, ಬಲಗಿವಿ ಮಾತ್ರ ಒಂದು ತಿಂಗ್ಳು ಕೀವು ಬಂತು, ಆಮೇಲೆ ವಾಸಿ ಆಯ್ತಲ್ಲ ಅಂತ ಸುಮ್ನಾದೆ. ನಾಲ್ಕು ತಿಂಗ್ಳಾದ್ಮೇಲೆ ಒಂದಿನ ತಲೆ ಬಾಚ್ಕೊಳೋವಾಗ ಬಾಚಣಿಗೆ ಹಲ್ಲಿಗೆ ಏನೋ ತಗುಲ್ತು, ಮುಟ್ಟಿ ನೋಡಿದ್ರೆ ಕಿವಿ ಹಿಂದ್ಗಡೆ ಕಡಲೆಕಾಳಷ್ಟು ಗಟ್ಟಿ ಗಂಟು. ಈಗ ಹುಣಸೆಬೀಜದಷ್ಟಾಗಿದೆ, ನೇರಳೆ ಬಣ್ಣ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ. ರಾತ್ರಿ ಹೊತ್ತು ಬಹಳ ನವೆ, ಆ ಮಗ್ಗುಲಿಗೆ ಮಲಗೋಕೇ ಆಗಲ್ಲ.

ಅಮ್ಮ ಕುದುರೆ ಬಾಲದ ಕೂದಲು ಬಿಗಿಯಾಗಿ ಕಟ್ಟು, ಉದುರಿಹೋಗುತ್ತೆ ಅಂತಾರೆ. ಪಕ್ಕದ್ಮನೆ ಆಂಟಿ ಸುಣ್ಣ ಹಚ್ಚು ಅಂತಾರೆ. ಇಲ್ಲೊಬ್ರು ಡಾಕ್ಟ್ರಿಗೆ ತೋರಿಸಿದ್ರೆ ಇದು ಕೀಲಾಯ್ಡ್, ಅರ್ಧ ಗಂಟೇಲಿ ಕೊಯ್ದು ತೆಗೀತೀನಿ ಬಾ ಅಂದ್ರು. ಅಪ್ಪನ ತೋಳಲ್ಲಿ ಬಿಸಿಜಿ ಲಸಿಕೆ ಹಾಕಿದ ಜಾಗಾನೂ ಹೀಗೇ ಉಬ್ಬಿದೆ, ಅವ್ರು ಯಾವತ್ತೂ ತಲೆ ಕೆಡಿಸ್ಕೊಂಡಿಲ್ಲ. ಇದು ಮುಂದೆ ಕ್ಯಾನ್ಸರ್ ಆಗುತ್ತಾ? ಕೊಯ್ಸಿಬಿಟ್ರೆ ಮುಗೀತಾ? ಯಾರಿಗಾದ್ರೂ ಆಗಿದ್ರೆ ದಯವಿಟ್ಟು ಹೇಳಿ, ಬಹಳ ಗಾಬರಿ ಆಗಿದೆ.

ತುಂಗಾತೀರ:

ತಂಗಿ, ಬರೀ ಕೊಯ್ಸೋಕೆ ಮಾತ್ರ ಹೋಗ್ಬೇಡಮ್ಮ. ನಂಗೂ ಕಿವೀಲೇ ಆಗಿದ್ದು, ಹಾಲೇಲಿ ಎರಡನೇ ತೂತು ಹಾಕ್ಸಿದ್ಮೇಲೆ. ಅವರೆಕಾಳಷ್ಟಿತ್ತು. ಒಂದು ನರ್ಸಿಂಗ್ ಹೋಂನಲ್ಲಿ ಕೊಯ್ದು ಮೂರು ಹೊಲಿಗೆ ಹಾಕಿ ಕಳಿಸಿದ್ರು, ಆಮೇಲೆ ಇಂಜೆಕ್ಷನ್ ತಗೋಬೇಕು, ಕಿವಿಗೆ ಒತ್ತಡದ ಕ್ಲಿಪ್ ಹಾಕ್ಕೋಬೇಕು ಅಂತ ಒಬ್ರೂ ಹೇಳ್ಲಿಲ್ಲ. ಆರು ತಿಂಗ್ಳು ಕನ್ನಡಿ ನೋಡ್ಕೊಂಡು ಖುಷಿಪಟ್ಟೆ. ಏಳನೇ ತಿಂಗ್ಳಿಗೆ ಹೊಲಿಗೆ ಗೆರೆ ಉದ್ದಕ್ಕೂ ಉಬ್ಬೋಕೆ ಶುರುವಾಯ್ತು, ವರ್ಷ ತುಂಬೋ ಹೊತ್ತಿಗೆ ನೆಲ್ಲಿಕಾಯಿ ಗಾತ್ರ. ಮೊದಲಿದ್ದಿದ್ದಕ್ಕಿಂತ ಎಷ್ಟೋ ದೊಡ್ಡದು. ಜಡೆ ಹಾಕೋದೇ ಬಿಟ್ಟೆ, ನನ್ನ ಮಗನ ನಾಮಕರಣದ ಫೋಟೋದಲ್ಲೆಲ್ಲ ಬಲಗಡೆ ಕೂದಲು ಮುಂದಕ್ಕೆ ಎಳ್ಕೊಂಡು ನಿಂತಿದೀನಿ, ಈಗ್ಲೂ ಆ ಆಲ್ಬಂ ನೋಡಿದ್ರೆ ಸಂಕಟ ಆಗುತ್ತೆ.

ಎರಡನೇ ಸಲ ಚರ್ಮದ ಡಾಕ್ಟ್ರು, ಪ್ಲಾಸ್ಟಿಕ್ ಸರ್ಜನ್ ಇಬ್ರೂ ಸೇರಿ ನೋಡಿದ್ರು. ಮೊದ್ಲು ಗಂಟಿಗೇ ಇಂಜೆಕ್ಷನ್ ಕೊಟ್ಟು ಮೆತ್ತಗೆ ಮಾಡಿದ್ರು, ಆಮೇಲೆ ಕೊಯ್ದ್ರು, ಆಮೇಲೂ ತಿಂಗ್ಳು ತಿಂಗ್ಳು ಗೆರೆ ಮೇಲೆ ಇಂಜೆಕ್ಷನ್. ಜೊತೆಗೆ ಒಂದು ಕ್ಲಿಪ್ ಕೊಟ್ರು, ಎರಡು ಸಣ್ಣ ಬಿಲ್ಲೆ ಮಧ್ಯೆ ಕಿವಿ ಹಾಲೆ ಇಟ್ಟು ತಿರುಪು ಬಿಗಿಯೋದು. ರಾತ್ರಿ ಮಲಗೋವಾಗ್ಲೂ ಅದೇ, ಸ್ನಾನಕ್ಕೆ ಮಾತ್ರ ತೆಗೀತಿದ್ದೆ. ಮೊದಲ ವಾರ ನೋವಿತ್ತು. ಕಿವಿ ಬಿಳಿಚಿಕೊಂಡ್ರೆ ಅಥವಾ ನೀಲಿ ಆದ್ರೆ ತಿರುಪು ಸಡಿಲ ಮಾಡಬೇಕು, ಇಲ್ಲಾಂದ್ರೆ ಚರ್ಮ ಕೊಳೆಯುತ್ತೆ ಅಂತ ಹೇಳಿಕೊಟ್ಟಿದ್ರು. ಒಂದು ವರ್ಷ ಬಿಡದೆ ಹಾಕಿದೆ. ಈಗ ನಾಲ್ಕು ವರ್ಷ ಆಯ್ತು, ಬಂದಿಲ್ಲ.

ಚರ್ಮದ_ಡಾಕ್ಟ್ರು_ದಾವಣಗೆರೆ:

ನೋಡದೆ ಖಚಿತವಾಗಿ ಹೇಳಕ್ಕಾಗಲ್ಲ ಅಂತ ಮೊದಲೇ ಹೇಳ್ಬಿಡ್ತೀನಿ, ಆದ್ರೆ ನೀವು ಬರೆದಿರೋ ರೀತಿ ನೋಡಿದ್ರೆ ಕೀಲಾಯ್ಡೇ ಇರಬಹುದು. ಚುಚ್ಚಿಸಿದ ಮೂರ್ನಾಲ್ಕು ವಾರಕ್ಕೇ ಕೆಂಪಗೆ, ಒದ್ದೆ ಒದ್ದೆಯಾಗಿ, ಮುಟ್ಟಿದ್ರೆ ರಕ್ತ ಬರೋ ಗುಳ್ಳೆ ಆದ್ರೆ ಅದು ಬೇರೆ, ಸಾಮಾನ್ಯವಾಗಿ ಬೇಗ ವಾಸಿಯಾಗುತ್ತೆ. ಕೀಲಾಯ್ಡ್ ಹಾಗಲ್ಲ, ಗಾಯ ಒಣಗಿ ತಿಂಗಳುಗಳಾದ್ಮೇಲೆ, ಕೆಲವ್ರಿಗೆ ವರ್ಷ ಕಳೆದ್ಮೇಲೆ ನಿಧಾನಕ್ಕೆ ಏಳುತ್ತೆ. ಮುಖ್ಯವಾದ ಗುರುತು ಅಂದ್ರೆ ಅದು ಗಾಯದ ಗಡಿ ದಾಟಿ ಪಕ್ಕದ ಒಳ್ಳೆ ಚರ್ಮದ ಮೇಲೂ ಬೆಳೆಯುತ್ತೆ. ಗಾಯದಷ್ಟೇ ಜಾಗದಲ್ಲಿ ಉಬ್ಬಿ ನಿಂತ್ರೆ ಅದು ಬರೀ ದಪ್ಪ ಕಲೆ, ಒಂದೆರಡು ವರ್ಷದಲ್ಲಿ ಎಷ್ಟೋ ಸಲ ತಾನೇ ಇಳಿಯುತ್ತೆ. ಕೀಲಾಯ್ಡ್ ತಾನಾಗೇ ಇಳಿಯೋದು ತೀರಾ ಅಪರೂಪ. 19ನೇ ಶತಮಾನದ ಶುರುವಲ್ಲಿ ಅಲಿಬರ್ಟ್ ಅನ್ನೋ ಫ್ರೆಂಚ್ ವೈದ್ಯ ಇದಕ್ಕೆ ಹೆಸರಿಟ್ಟಿದ್ದೇ ಗ್ರೀಕ್ ಭಾಷೇಲಿ ಏಡಿ ಕೊಂಡಿ ಅನ್ನೋ ಪದದಿಂದ, ಪಕ್ಕಕ್ಕೆ ಚಾಚ್ಕೊಂಡು ಹೋಗುತ್ತೆ ಅಂತ.

ಆಗೋದೇನು ಅಂದ್ರೆ, ಗಾಯ ಆದಾಗ ಚರ್ಮದ ಒಳಗಿನ ಫೈಬ್ರೋಬ್ಲಾಸ್ಟ್ ಅನ್ನೋ ಕೋಶಗಳು ಕೊಲಾಜನ್ ಅನ್ನೋ ನಾರು ಹೆಣೆದು ಬಿರುಕು ಮುಚ್ಚುತ್ವೆ, ಮುಚ್ಚಿದ ಮೇಲೆ ನಿಲ್ಲಿಸಬೇಕು. ಕೀಲಾಯ್ಡ್ ಆಗೋ ಮೈಗೆ ಸಾಕು ನಿಲ್ಲಿಸು ಅನ್ನೋ ಸಂದೇಶ ಸರಿಯಾಗಿ ಮುಟ್ಟಲ್ಲ, ಹೆಣಿತಾನೇ ಇರುತ್ವೆ. ಮನೆತನದಲ್ಲಿ ಬರುತ್ತೆ, ನಿಮ್ಮ ತಂದೆ ತೋಳಲ್ಲಿರೋದು ಅದೇ ಇರಬಹುದು. ನಮ್ಮ ಹಾಗೆ ಬಣ್ಣ ಇರೋ ಚರ್ಮದವ್ರಲ್ಲಿ, ಅದರಲ್ಲೂ 10ರಿಂದ 30 ವರ್ಷದೊಳಗೆ ಜಾಸ್ತಿ, ಬಸಿರಲ್ಲಿ ಇದ್ದಿದ್ದು ಬೆಳೆಯೋದೂ ಉಂಟು. ಕಿವಿ, ಎದೆ ಮಧ್ಯ, ಭುಜ, ಬೆನ್ನಿನ ಮೇಲ್ಭಾಗ, ದವಡೆ ಇವೇ ಅದರ ಜಾಗಗಳು. ಅಂಗೈ, ಅಂಗಾಲು, ರೆಪ್ಪೇಲಿ ಬರೋದೇ ಅಪರೂಪ. ದೊಡ್ಡ ಗಾಯವೇ ಬೇಕು ಅಂತೇನಿಲ್ಲ, ಚಿವುಟಿದ ಮೊಡವೆ, ಸೀತಾಳೆ ಸಿಡುಬಿನ ಗುಳ್ಳೆ, ಸುಟ್ಟ ಗಾಯ, ಹಚ್ಚೆ, ಯಾವುದಾದ್ರೂ ಸಾಕು. ಕೀವು ಬಂದ್ರೆ ಅಪಾಯ ಇನ್ನೂ ಜಾಸ್ತಿ, ನಿಮ್ಮ ಎಡಗಿವಿ ಉಳಿದು ಬಲಗಿವೀಲಿ ಮಾತ್ರ ಬಂದಿದ್ದಕ್ಕೆ ಅದೇ ಕಾರಣ ಇರಬಹುದು.

ಕ್ಯಾನ್ಸರ್ ಅಲ್ಲ, ಅಂಟುರೋಗಾನೂ ಅಲ್ಲ, ಆ ಗಾಬರಿ ಬಿಡಿ. ಆದ್ರೆ ದಿಢೀರ್ ಅಂತ ಬೆಳೆದ್ರೆ, ಹುಣ್ಣಾದ್ರೆ, ಅಥವಾ ಗಾಯಾನೇ ಆಗದ ಜಾಗದಲ್ಲಿ ಎದ್ದಿದ್ರೆ ಬಯಾಪ್ಸಿ, ಅಂದ್ರೆ ಚೂರು ತೆಗೆದು ಲ್ಯಾಬಲ್ಲಿ ಪರೀಕ್ಷೆ, ಮಾಡಿಸಿ ನೋಡಬೇಕು, ಬೇರೆ ಥರದ ಗಡ್ಡೆಗಳೂ ಮೇಲಿಂದ ಹೀಗೇ ಕಾಣುತ್ವೆ.

ಕುದುರೆ ಕೂದಲು ಕಟ್ಟೋದು, ಸುಣ್ಣ ಹಚ್ಚೋದು ಎರಡೂ ಬೇಡ್ವೇ ಬೇಡ. ಜೋತಾಡೋ ನರಹುಲಿಗೆ ಕಟ್ಟಿ ಉದುರಿಸಿದವ್ರಿರಬಹುದು, ಇದು ಬುಡ ಸಮೇತ ಚರ್ಮದೊಳಗೇ ಇರೋದು. ನೀವು ಕೊಡೋ ಪ್ರತಿ ಹೊಸ ಗಾಯಾನೂ ಅದಕ್ಕೆ ಗೊಬ್ಬರ. ಬರೀ ಕೊಯ್ದ್ರೂ ಅಷ್ಟೇ, ಅರ್ಧಕ್ಕರ್ಧ ಜನರಿಗೆ, ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ ಜನರಿಗೆ ವಾಪಸ್ ಬರುತ್ತೆ. ತುಂಗಾತೀರ ಅವ್ರಿಗೆ ಆಗಿದ್ದು ಅದೇ.

ನಿಮ್ಮ ಗಾತ್ರಕ್ಕೆ ಮೊದಲು ಮಾಡೋದು ಟ್ರಯಾಮ್ಸಿನೊಲೋನ್ ಅನ್ನೋ ಸ್ಟಿರಾಯ್ಡ್ ಇಂಜೆಕ್ಷನ್, ಗಂಟಿನ ಒಳಕ್ಕೇ, 4ರಿಂದ 6 ವಾರಕ್ಕೊಂದು ಸಲ, ಮಿಲಿಲೀಟರಿಗೆ 10ರಿಂದ 40 ಮಿಲಿಗ್ರಾಂವರೆಗೆ ಗಂಟು ನೋಡಿ. ಮೊದಲ ಸಲ ನೋವಾಗುತ್ತೆ, ಸುಳ್ಳು ಹೇಳಲ್ಲ. ಒಳಗೆಲ್ಲ ಹಗ್ಗ ಹೊಸೆದ ಹಾಗೆ ಗಟ್ಟಿ, ಸಿರಿಂಜ್ ಒತ್ತೋಕೆ ನನ್ನ ಹೆಬ್ಬೆರಳೇ ನೋಯುತ್ತೆ. ಮದ್ದು ಸರಿಯಾದ ಜಾಗಕ್ಕೆ ಹೋದ್ರೆ ಗಂಟು ಅಲ್ಲೇ ಕಣ್ಣೆದುರಿಗೆ ಬೆಳ್ಳಗಾಗುತ್ತೆ. ಕೆಲವರು ಮೊದಲು ಲಿಕ್ವಿಡ್ ನೈಟ್ರೋಜನ್ ಹೊಡೆದು ಗಂಟನ್ನ ಹೆಪ್ಪುಗಟ್ಟಿಸಿ ಸ್ವಲ್ಪ ಹೊತ್ತು ಬಿಟ್ಟು ಚುಚ್ಚುತ್ತೀವಿ, ಊದಿ ಮೆತ್ತಗಾಗಿ ಮದ್ದು ಸುಲಭವಾಗಿ ಇಳಿಯುತ್ತೆ. ಸ್ಟಿರಾಯ್ಡ್‌ಗೆ ಬಗ್ಗದಿದ್ರೆ ಜೊತೆಗೆ ಫೈವ್ ಎಫ್‌ಯು ಅನ್ನೋ, ಕೋಶ ಬೆಳೆಯೋದನ್ನ ತಡೆಯೋ ಮದ್ದು ಸೇರಿಸ್ತೀವಿ, ಬಸಿರಿದ್ರೆ ಅಥವಾ ಆ ಯೋಚನೆ ಇದ್ರೆ ಅದನ್ನ ಕೊಡಲ್ಲ, ಮುಂಚೇನೇ ಹೇಳಿ. ಅಡ್ಡ ಪರಿಣಾಮ ಅಂದ್ರೆ ಸುತ್ತಲಿನ ಚರ್ಮ ತೆಳ್ಳಗಾಗಬಹುದು, ಬಿಳಿ ಮಚ್ಚೆ ಉಳಿಯಬಹುದು, ಕೆಲವರಿಗೆ ಮುಟ್ಟು ಹಿಂದೆಮುಂದೆ ಆಗುತ್ತೆ, ಶುಗರ್ ಇರೋರಿಗೆ ಶುಗರ್ ಏರಬಹುದು.

ಕೊಯ್ಯೋದೇ ಆದ್ರೆ ಇಂಜೆಕ್ಷನ್, ಕ್ಲಿಪ್ ಎರಡರ ಪ್ಲಾನ್ ಮೊದಲೇ ಆಗಿರಬೇಕು. ಮೇಲಿಂದ ಮೇಲೆ ಬರೋ ಹಠಮಾರಿ ಗಂಟಿಗೆ ಕೊಯ್ದ ಒಂದೆರಡು ದಿನದೊಳಗೆ ಸ್ವಲ್ಪ ಡೋಸ್ ರೇಡಿಯೇಷನ್ ಶುರು ಮಾಡ್ತಾರೆ, ಚಿಕ್ಕ ಮಕ್ಕಳಿಗೂ ಬಸುರಿಯರಿಗೂ ಅದು ಬೇಡ.

ಹುಬ್ಬಳ್ಳಿ_ಮಂದಿ:

ಡಾಕ್ಟರ್ ಸಾಹೇಬ್ರು ಹೇಳಿದ್ದು ಖರೇ ಐತ್ರಿ. ನಮ್ಮವ್ವಗ ಎದಿ ಮ್ಯಾಲೆ ಒಂದು ಸಣ್ಣ ಗುಳ್ಳಿ ಆಗಿತ್ತು, ಚಿವುಟಿದ್ಲು, ಅಷ್ಟ. ಹದಿನೈದು ವರ್ಷದಾಗ ಅಂಗೈ ಅಗಲ ಆತು, ಎಡಕ್ಕ ಬಲಕ್ಕ ಚಾಚಿ ಥೇಟ್ ಏಡಿನ. ತಾಳಿ ಸರ ತಾಗಿದ್ರ ಬೆಂಕಿ ಬಿದ್ದಂಗ ಉರೀತದ ಅಂತಿದ್ಲು, ಸರದ ಕೆಳಗ ಹತ್ತಿ ಅರಬಿ ಮಡಚಿ ಇಟ್ಕೊಂಡ ಅಡಗಿ ಮಾಡ್ತಿದ್ಲು. ಬ್ಯಾಸಗ್ಯಾಗಂತೂ ಬೆವರು ಬಂದು ನವಿ ತಡೀಲಾರ್ದ ರಾತ್ರಿ ಎದ್ದ ಕುಂದರ್ತಿದ್ಲು. ಹೆಂಗಸರು, ಎದಿ ಮ್ಯಾಲಿಂದು, ಯಾರಿಗೂ ತೋರಿಸಲಿಲ್ಲ. ನಾವು ಮಕ್ಕಳೂ ಲಕ್ಷ್ಯ ಕೊಡಲಿಲ್ಲ, ಅದು ನನಗ ಇವತ್ತಿಗೂ ನೋವೈತಿ.

ಕಡೀಕ ಕರ್ಕೊಂಡ ಹೋದಾಗ ಡಾಕ್ಟರು ಎದಿ ಮ್ಯಾಲಿಂದು ಕೊಯ್ಯಾಕ ಕೈ ಹಚ್ಚೂದಿಲ್ಲ, ಅಲ್ಲೆ ಚರ್ಮ ಯಾವಾಗ್ಲೂ ಜಗ್ಗತಿರ್ತದ, ಮತ್ತ ಬರ್ತದ ಅಂದ್ರು. ಇಂಜೆಕ್ಷನ್ ಚಾಲೂ ಮಾಡಿದ್ರು. ಮೂರನೇದಕ್ಕ ನವಿ ಪೂರ್ತಿ ನಿಂತು ಅವ್ವ ಕಣ್ಣತುಂಬ ನಿದ್ದಿ ಮಾಡಿದ್ಲು. ನಾವು ತಪ್ಪು ಮಾಡಿದ್ದು ಅಲ್ಲೇ. ನವಿ ಹೋತಲ್ಲ, ಇನ್ನೇನು ಅಂತ ಹೋಗೂದು ಬಿಟ್ವಿ. ಎಂಟು ತಿಂಗಳಿಗೆ ಮತ್ತ ಉಬ್ಬಿತು, ಮತ್ತ ಮೊದಲಿಂದ. ಈ ಸಲ ಹತ್ತು ಇಂಜೆಕ್ಷನ್ ಆಗ್ಯಾವ, ಗಂಟು ನೆಲ ಹಿಡದಂಗ ಚಪ್ಪಟಿ ಆಗೇತಿ, ಬಣ್ಣ ಮಾತ್ರ ಬಿಳಚಿ ಉಳದೈತಿ. ಪೂರಾ ಮಾಯ ಆಗೂದಿಲ್ಲ ಅಂತ ಡಾಕ್ಟರು ಮೊದಲ ಹೇಳಿದ್ರು. ಅವ್ವ ಈಗ ತಾಳಿ ಸರ ಅರಬಿ ಇಲ್ದ ಹಾಕೋತಾಳ್ರಿ.

ಹಾಸನದ_ಹುಡುಗಿ:

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ತುಂಗಾತೀರ ಅಕ್ಕ, ನಿಮ್ಮ ಮಾತು ಓದಿ ಆಪರೇಷನ್ ತಾರೀಕು ಕ್ಯಾನ್ಸಲ್ ಮಾಡಿಸ್ದೆ. ಡಾಕ್ಟ್ರೆ, ಇನ್ನೆರಡು ಕೇಳ್ಬೇಕು. ಮೆಡಿಕಲ್ ಶಾಪಲ್ಲಿ ಕಲೆಗೆ ಅಂತ ಜೆಲ್ ಕೊಡ್ತಾರಲ್ಲ, ಅದು ಹಚ್ಚಿದ್ರೆ ಸಾಕಾಗಲ್ವಾ? ಅಕ್ಕನಿಗೆ ಮಗು ಆಗಿದೆ, ಹೆಣ್ಣು, ಬರೋ ತಿಂಗ್ಳು ಕಿವಿ ಚುಚ್ಚಿಸ್ತಾರೆ. ಅವಳ ತಾತ, ಅಂದ್ರೆ ನಮ್ಮಪ್ಪನಿಗೂ ಇದೆ, ಚಿಕ್ಕಮ್ಮ ನಂಗೂ ಇದೆ, ಅವಳಿಗೂ ಬರುತ್ತೇನೋ ಅಂತ ಭಯ.

ಚರ್ಮದ_ಡಾಕ್ಟ್ರು_ದಾವಣಗೆರೆ:

ಈಗಾಗ್ಲೇ ಎದ್ದಿರೋ ಗಂಟಿಗೆ ಬರೀ ಜೆಲ್ ಸಾಕಾಗಲ್ಲ. ಸಿಲಿಕೋನ್ ಜೆಲ್ ಅಥವಾ ಶೀಟ್ ಕೆಲಸಕ್ಕೆ ಬರೋದು ಬರದ ಹಾಗೆ ತಡೆಯೋಕೆ. ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಮುಚ್ಚಿದ್ಮೇಲೆ ಶುರು ಮಾಡಿ, ದಿನಕ್ಕೆ 12 ಗಂಟೆಗಿಂತ ಹೆಚ್ಚು, ಕಡಿಮೆ ಅಂದ್ರೆ ಎರಡು ಮೂರು ತಿಂಗಳು. ಮನೆತನದಲ್ಲಿ ಇರೋರು ಸಿಸೇರಿಯನ್ನೋ ಇನ್ನೊಂದೋ ಆಪರೇಷನ್ ಆಗೋಕೆ ಮುಂಚೇನೇ ಸರ್ಜನ್‌ಗೆ ಇದನ್ನ ಹೇಳಿಡಿ. ಮೊಡವೆ ಬಂದ್ರೆ ಚಿವುಟದೆ ಬೇಗ ಟ್ರೀಟ್‌ಮೆಂಟ್ ತಗೊಳ್ಳಿ.

ಮಗುವಿನ ವಿಷಯ: ಕಿವಿ ಚುಚ್ಚಿಸಿದವ್ರನ್ನ ನೋಡಿದಾಗ, 11 ವರ್ಷ ದಾಟಿದ ಮೇಲೆ ಚುಚ್ಚಿಸಿದವ್ರಲ್ಲಿ ಕೀಲಾಯ್ಡ್ ಜಾಸ್ತಿ ಕಂಡಿದೆ, ಚಿಕ್ಕ ವಯಸ್ಸಲ್ಲಿ ಚುಚ್ಚಿಸಿದವ್ರಲ್ಲಿ ಕಡಿಮೆ. ಬರೋದೇ ಇಲ್ಲ ಅಂತ ಭರವಸೆ ಕೊಡಕ್ಕಾಗಲ್ಲ, ಆದ್ರೆ ಚುಚ್ಚಿಸಲೇಬೇಕು ಅಂತಿದ್ರೆ ಹಾಲೇಲಿ ಒಂದೇ ತೂತು, ಶುದ್ಧವಾದ ಸೂಜಿ, ಚಿನ್ನದ ಕಡ್ಡಿ. ಗಿಲೀಟಿನ ಓಲೆ ಬೇಡ, ಅದರಲ್ಲಿರೋ ನಿಕಲ್‌ಗೆ ಅಲರ್ಜಿ ಆಗಿ ಗಾಯ ಕೆರಳುತ್ತೆ. ಮುಂದೆ ದೊಡ್ಡವಳಾದ್ಮೇಲೆ ಎರಡನೇ ತೂತು, ಮೂರನೇ ತೂತು ಅಂತ ಕೇಳಿದಾಗ ಮನೆಯವ್ರು ಬೇಡ ಅನ್ನಿ.

ನಿಮ್ಮ ಜಿಲ್ಲೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲೂ ಈ ಇಂಜೆಕ್ಷನ್ ಬಗ್ಗೆ ಕೇಳಿ ನೋಡಿ, ಖರ್ಚಿನ ಹೊರೆ ಕಡಿಮೆ ಆಗುತ್ತೆ.

ಹಾಸನದ_ಹುಡುಗಿ:

ಅಪ್‌ಡೇಟ್: ಮೊನ್ನೆ ಸೋಮವಾರ ಮೊದಲ ಇಂಜೆಕ್ಷನ್ ಆಯ್ತು. ಡಾಕ್ಟರಮ್ಮ ಮೊದ್ಲು ಸ್ಕೇಲ್ ಇಟ್ಟು ಅಳೆದು 14 ಮಿಲಿಮೀಟರ್ ಅಂತ ಚೀಟೀಲಿ ಬರೆದ್ರು, ಫೋಟೋ ತೆಗೆದ್ರು, ಪ್ರತಿ ಸಲ ಹೋಲಿಸಿ ನೋಡ್ತಾರಂತೆ. ನೋವು ನೀವು ಹೇಳಿದ ಹಾಗೇ ಇತ್ತು, ಅಮ್ಮನ ಕೈ ಹಿಡ್ಕೊಂಡಿದ್ದೆ, ಅಮ್ಮಾನೇ ಬಗ್ಗಿ ನೋಡಿ ಅಯ್ಯೋ ಬೆಳ್ಳಗಾಯ್ತು ಬೆಳ್ಳಗಾಯ್ತು ಅಂದ್ರು. ರಾತ್ರಿ ಸ್ವಲ್ಪ ಮಿಡೀತಿತ್ತು, ಬೆಳಿಗ್ಗೆ ಹೊತ್ತಿಗೆ ಸರಿಹೋಯ್ತು. ಕುದುರೆ ಕೂದಲಿನ ಮಾತು ಅಮ್ಮ ಇನ್ನು ಎತ್ತಲ್ಲ. ಅಪ್ಪನೂ ತೋಳು ತೋರಿಸಿದ್ರು, ಅದು ಬಹಳ ವರ್ಷದಿಂದ ಬೆಳೆಯದೆ ಹಾಗೇ ಇರೋದ್ರಿಂದ ಮುಟ್ಟೋದು ಬೇಡ ಅಂದ್ರಂತೆ.

ಬುಗುಡಿ ಅಜ್ಜಿಗೆ ವಾಪಸ್ ಕೊಟ್ಟೆ. ಅಜ್ಜಿ ಬೇಜಾರು ಮಾಡ್ಕೊಳ್ಳಿಲ್ಲ, ನನ್ನ ಕಿವಿ ಹಿಂದೆ ಬೆರಳಿಟ್ಟು ನೋಡಿ ಸುಮ್ನೆ ತಲೆ ಸವರಿದ್ರು. ಎರಡನೇ ಇಂಜೆಕ್ಷನ್‌ಗೆ ಐದು ವಾರ ಬಿಟ್ಟು ಬರೋಕೆ ಹೇಳಿದಾರೆ. ಹುಬ್ಬಳ್ಳಿ ಅಣ್ಣ, ನವೆ ನಿಂತ್ರೂ ಹೋಗೋದು ಬಿಡಲ್ಲ, ಕ್ಯಾಲೆಂಡರಲ್ಲಿ ಈಗಿಂದಾನೇ ಆರು ತಾರೀಕಿಗೆ ಸುತ್ತು ಹಾಕಿಟ್ಟಿದೀನಿ.