ಬೆಳಗ್ಗೆ 6ರಿಂದ 10: ಪಾರ್ಕ್ ಗೇಟಿನ ಮುಂದಿನ ನೂಕುನುಗ್ಗಲಿಗೆ ಏನು ಮಾಡೋಣ?

ಸಂಘದ ಕಾರ್ಯದರ್ಶಿ (ಬೆಂಗಳೂರು, 2021 ಏಪ್ರಿಲ್ 28, ಬೆಳಗ್ಗೆ 10:40)
ಎಲ್ಲರಿಗೂ ನಮಸ್ಕಾರ. ಕೊರೊನಾ ತಡೆಯೋಕೆ ನಿನ್ನೆ ರಾತ್ರಿ 9ರಿಂದ 14 ದಿನದ ನಿರ್ಬಂಧ ಶುರುವಾಗಿದೆ. ದಿನಸಿ, ತರಕಾರಿ ಕೊಳ್ಳೋದಕ್ಕೆ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶ. ಇವತ್ತು ಪಾರ್ಕ್ ಗೇಟಿನ ಮುಂದೆ ಆರು ತರಕಾರಿ ಗಾಡಿ ಒಂದೇ ಕಡೆ ನಿಂತಿದ್ವು, ಸುತ್ತ ಜನ ಭುಜಕ್ಕೆ ಭುಜ ತಾಗಿಸಿಕೊಂಡಿದ್ರು. ಇಡೀ ದಿನಕ್ಕೆ ಹಂಚಿಹೋಗ್ತಿದ್ದ ವ್ಯಾಪಾರ ನಾಲ್ಕು ಗಂಟೆಯೊಳಗೆ ಬಂದು ಬಿದ್ದಿದೆ. ಉಳಿದ ಇಪ್ಪತ್ತು ಗಂಟೆ ಮನೇಲಿ ಕೂತರೂ ಈ ಗುಂಪಲ್ಲಿ ಒಂದ್ಸಲ ನಿಂತು ಬಂದರೆ ಏನೂ ಉಪಯೋಗ ಇಲ್ಲ. ನಾಳೆ ಬೆಳಗ್ಗೆಯೊಳಗೆ ಏನಾದ್ರೂ ಮಾಡ್ಲೇಬೇಕು, ದಯವಿಟ್ಟು ಹೇಳಿ.

ಮನೆ 61
ಗಾಡಿಯೋರನ್ನ ಬಡಾವಣೆ ಒಳಗೆ ಬಿಡೋದೇ ಬೇಡ ಸರ್. ಒಬ್ಬರದ್ದೂ ಮಾಸ್ಕ್ ಮೂಗಿನ ಮೇಲಿರಲ್ಲ, ಎಲ್ಲಾ ಗದ್ದಕ್ಕೆ. ಪಾಲಿಕೆ ಮಾರ್ಷಲ್‌ಗಳನ್ನ ಕರೆಸಿ 250 ರೂಪಾಯಿ ದಂಡ ಹಾಕಿಸಿ, ಸರಿಹೋಗ್ತಾರೆ. ನಮ್ಮತ್ತೆಗೆ 78 ವರ್ಷ, ಬಿಪಿ, ಶುಗರ್ ಎರಡೂ ಇದೆ. ನನಗೆ ರಾತ್ರಿ ನಿದ್ದೆನೇ ಬರ್ತಿಲ್ಲ.

ಮನೆ 27
ಅಕ್ಕ, ನಿಮ್ಮ ಭಯ ಅರ್ಥ ಆಗುತ್ತೆ. ಆದ್ರೆ ಗಾಡಿ ನಿಲ್ಲಿಸಿದ್ರೆ ನಾವೆಲ್ಲ ಮೇನ್ ರೋಡ್ ಅಂಗಡಿಗೆ ಹೋಗಬೇಕಾಗುತ್ತೆ. ಅಲ್ಲಿ ಇನ್ನೂ ಇಕ್ಕಟ್ಟು, ಒಳಗೆ ಗಾಳೀನೂ ಆಡಲ್ಲ. ಮಾಸ್ಕ್ ಯಾಕೆ ಇಳಿಸ್ತೀರಿ ಅಂತ ಸೊಪ್ಪಿನಮ್ಮನ್ನ ಇವತ್ತು ಕೇಳ್ದೆ. "ಮಾಸ್ಕ್ ಹಾಕ್ಕೊಂಡು ರೇಟ್ ಹೇಳಿದ್ರೆ ಯಾರಿಗೂ ಕೇಳ್ಸಲ್ಲ ಕಣವ್ವ, ಎಷ್ಟು ಎಷ್ಟು ಅಂತ ಮುಖದ ಹತ್ರಾನೇ ಬರ್ತಾರೆ" ಅಂದ್ರು. ದಂಡ ಹಾಕಿದ್ರೆ ಅವರ ದಿನದ ಸಂಪಾದನೆ ಹೋಗುತ್ತೆ, ರೇಟ್ ಮಾತ್ರ ನಾಳೆಯೂ ಯಾರಿಗೂ ಕೇಳಿಸಲ್ಲ.

ಮೇಷ್ಟ್ರು, 3ನೇ ಕ್ರಾಸ್
ಸ್ಲೇಟಲ್ಲಿ ರೇಟ್ ಬರೆದು ಗಾಡಿಗೆ ನೇತುಹಾಕಿದ್ರೆ ಆಯ್ತಲ್ಲಮ್ಮ. ಪಾಠ ಹೇಳ್ತಿದ್ದ ಕಾಲದ ಸ್ಲೇಟು, ಬಳಪ ನನ್ನ ಹತ್ರ ಇದಾವೆ. ಆರು ಗಂಟೆಗೆ ನಾನೇ ಬಂದು ಬರೆದುಕೊಡ್ತೀನಿ.

ಡಾಕ್ಟ್ರು, 2ನೇ ಕ್ರಾಸ್
ಒಳ್ಳೆ ಯೋಚನೆ ಮೇಷ್ಟ್ರೇ. ಆದ್ರೆ ನಿಮ್ಮದಿನ್ನೂ ಲಸಿಕೆ ಒಂದೇ ಡೋಸ್ ಆಗಿರೋದು. ಸ್ಲೇಟ್ ಕಳಿಸಿ, ಬರೆಯೋ ಕೆಲಸ ಹುಡುಗರು ಮಾಡಲಿ.

ಈಗಷ್ಟೇ ನೈಟ್ ಡ್ಯೂಟಿ ಮುಗಿಸಿ ಬಂದೆ, ಆದ್ರೂ ಇದನ್ನ ಹೇಳಲೇಬೇಕು. ಹತ್ತಿರ ನಿಂತು, ಬಾಯಿ ತೆರೆದು, ಜೋರಾಗಿ ಮಾತಾಡಿದಷ್ಟೂ ಈ ಸೋಂಕು ಹರಡುತ್ತೆ. ಚೌಕಾಸಿ ಅಂದ್ರೆ ಅದೇ ತಾನೆ? ಹಾಗಾಗಿ ದಯವಿಟ್ಟು ಈ ಎರಡು ವಾರ ಚೌಕಾಸಿ ಬಿಡಿ. ಬೆಂಡೆಕಾಯಿ ತುದಿ ಮುರಿದು ನೋಡ್ತಾ ಹತ್ತು ನಿಮಿಷ ನಿಲ್ಲೋದೂ ಬೇಡ. ಕಾಯಿ ಮುಟ್ಟಿದ್ರೆ ಬರುತ್ತೆ ಅಂತಲ್ಲ, ಆ ಅಪಾಯ ತೀರಾ ಕಡಿಮೆ. ನಿಂತಷ್ಟೂ ಹೊತ್ತು ಪಕ್ಕದವರ ಉಸಿರಲ್ಲೇ ಇರ್ತೀರಿ, ಅದು ನನ್ನ ಚಿಂತೆ. ವಾಲ್ವ್ ಇರೋ ಮಾಸ್ಕ್ ಹಾಕ್ಕೊಂಡು ಬರಬೇಡಿ, ನಿಮ್ಮ ಉಸಿರು ಸೋಸದೇ ನೇರ ಆಚೆ ಬರುತ್ತೆ. ಸರ್ಜಿಕಲ್ ಮಾಸ್ಕ್ ಮೇಲೆ ಬಟ್ಟೆ ಮಾಸ್ಕ್ ಹಾಕಿ. ತರಕಾರಿಗೆ ಸೋಪು ಹಚ್ಚಿ ತೊಳೀತಿರೋರು ಅದನ್ನ ಇವತ್ತೇ ನಿಲ್ಲಿಸಿ, ಶುದ್ಧ ನೀರು ಸಾಕು.

ಮನೆ 12
ಆರು ಗಾಡಿಗೂ ಪಾರ್ಕ್ ಗೇಟೇ ಯಾಕೆ? ನಮ್ಮಲ್ಲಿ ಆರು ಕ್ರಾಸ್ ಇದೆ. ಕ್ರಾಸಿಗೊಂದು ಗಾಡಿ ನಿಲ್ಲಲಿ, ಆಯಾ ಕ್ರಾಸಿನವರು ಅಲ್ಲೇ ತಗೊಳ್ಳಲಿ.

ಮನೆ 27
ಒಂದು ತೊಂದ್ರೆ ಇದೆ. ಸೊಪ್ಪಿನೋರ ಹತ್ರ ಸೊಪ್ಪು ಮಾತ್ರ, ಈರುಳ್ಳಿ ಗಾಡೀಲಿ ಈರುಳ್ಳಿ ಆಲೂಗಡ್ಡೆ ಮಾತ್ರ. ಒಂದೇ ಕಡೆ ನಿಂತ್ರೆ ಜನ ಮತ್ತೆ ಹುಡುಕಿಕೊಂಡು ಹೋಗ್ತಾರೆ. ಹಳೇ ಕಾಲದ ಹಾಗೆ ಗಾಡಿ ತಳ್ಳಿಕೊಂಡು ಸುತ್ತಲಿ. ಅರ್ಧ ಗಂಟೆಗೊಂದು ಕ್ರಾಸ್, ಮೂರು ಗಂಟೇಲಿ ಆರೂ ಕ್ರಾಸ್ ಮುಗಿಯುತ್ತೆ. ಉಳಿದ ಮಾಲು ಖರ್ಚು ಮಾಡೋಕೆ ಅವರಿಗೂ ಒಂದು ಗಂಟೆ ಸಿಗುತ್ತೆ. ಕೊನೇಲಿ ರೇಟ್ ಇಳಿಯುತ್ತೆ ಅಂತ ಎಲ್ಲರೂ ಒಂಬತ್ತೂವರೆಗೇ ಬರೋದೂ ತಪ್ಪುತ್ತೆ.

ಕಾರ್ಯದರ್ಶಿ
ಇದು ನಡೆಯುತ್ತೆ ಅನ್ಸುತ್ತೆ. ಬೀಟ್ ಪೊಲೀಸರಿಗೂ ಮಾರ್ಷಲ್‌ಗಳಿಗೂ ನಾನು ಮೊದಲೇ ತಿಳಿಸ್ತೀನಿ, ಗಾಡಿ ಸುತ್ತೋದನ್ನ ನೋಡಿ ಯಾರೂ ತಡೀಬಾರದು. ಮನೆಗೊಬ್ಬರು ಮಾತ್ರ ಬನ್ನಿ, ಸುಣ್ಣದ ಗೆರೆ ಮೇಲೆ ನಿಲ್ಲಿ. ಗೆರೆ ಹಾಕೋಕೆ ಯಾರು ಬರ್ತೀರಿ?

ಮನೆ 12
ನಾನು, ನನ್ನ ತಮ್ಮ. ಐದೂವರೆಗೆ ಶುರು ಮಾಡ್ತೀವಿ.

ಮನೆ 44
ಹೇಳಲೋ ಬೇಡವೋ ಅಂತ ಬೆಳಗ್ಗಿಂದ ಒದ್ದಾಡ್ತಿದ್ದೆ. ನಮ್ಮ ಯಜಮಾನರಿಗೆ ನಿನ್ನೆ ಪಾಸಿಟಿವ್ ಬಂದಿದೆ. ಬೇರೆ ರೂಮಲ್ಲಿದ್ದಾರೆ, ಆಕ್ಸಿಜನ್ 97 ತೋರಿಸ್ತಿದೆ. ನಾವ್ಯಾರೂ ಆಚೆ ಬರಲ್ಲ. ಯಾರಾದ್ರೂ ಸ್ವಲ್ಪ ಹಾಲು, ತರಕಾರಿ ಗೇಟಿಗೆ ನೇತುಹಾಕಿ ಹೋದ್ರೆ ಉಪಕಾರ ಆಗುತ್ತೆ.

ಮನೆ 61
ಇದನ್ನ ಹೇಳೋಕೆ ಇಷ್ಟು ಯೋಚಿಸೋದಾ? ದಿನಾ ನಾನು ತಂದಿಡ್ತೀನಿ, ಏನು ಬೇಕೋ ರಾತ್ರಿನೇ ಮೆಸೇಜ್ ಮಾಡಿ. ಅಣ್ಣನಿಗೆ ಗಂಜಿ, ಸಾರು ಬೇಕಿದ್ರೂ ಕೇಳಿ. ಸಂಕೋಚ ಬೇಡ.

ಡಾಕ್ಟ್ರು
ದಿನಕ್ಕೆ ನಾಲ್ಕು ಸಲ ಆಕ್ಸಿಮೀಟರ್ ಬೆರಳಿಗೆ ಹಾಕಿ ನೋಡಿ, ಬರೆದಿಡಿ. 94ಕ್ಕಿಂತ ಇಳಿದ್ರೆ ಎಷ್ಟೇ ಹೊತ್ತಾಗಿದ್ರೂ ನನಗೆ ಫೋನ್ ಮಾಡಿ. ಊಟ ಬಾಗಿಲ ಹೊರಗಿಡಿ, ರೂಮಿನ ಕಿಟಕಿ ತೆರೆದಿರಲಿ.

ಮನೆ 27 (ರಾತ್ರಿ 8:50)
ಇವತ್ತಿನ ಹೊಸ ಕೇಸುಗಳ ಲೆಕ್ಕ ನೋಡಿದ್ರಾ? ರಾಜ್ಯದಲ್ಲಿ 39 ಸಾವಿರ ದಾಟಿದೆ, ಬೆಂಗಳೂರಲ್ಲೇ 22 ಸಾವಿರದ ಮೇಲೆ. ಸಂಜೆ 4ಕ್ಕೆ 18 ದಾಟಿದವರ ಲಸಿಕೆ ನೋಂದಣಿ ತೆರೆದಾಗ ನಮ್ಮ ಮಕ್ಕಳೆಲ್ಲ ಮೊಬೈಲ್ ಹಿಡಿದು ಕೂತಿದ್ರು. ಗಾಡಿಯೋರಲ್ಲಿ 45 ದಾಟಿದವರಿಗೆ ಏಪ್ರಿಲ್ 1ರಿಂದಲೇ ಅವಕಾಶ ಇದೆ, ಯಾರೂ ಹಾಕಿಸಿಕೊಂಡಿಲ್ಲ. ಜ್ವರ ಬಂದು ಮಲಗಿದ್ರೆ ವ್ಯಾಪಾರ ಹೋಗುತ್ತೆ ಅನ್ನೋ ಹೆದರಿಕೆ. ಲಸಿಕೆ ಹಾಕಿಸಿಕೊಂಡ ಮರುದಿನದ ಮಾಲು ನಾವೇ ಕೊಂಡು ಹಂಚಿಕೊಳ್ಳೋಣ್ವಾ?

ಮೇಷ್ಟ್ರು
ಖಂಡಿತ. ಅವರ ಹೆಸರು ನೋಂದಾಯಿಸೋ ಕೆಲಸ ನನಗೆ ಕೊಡಿ, ಮನೇಲಿ ಕೂತೇ ಮಾಡಬಹುದು.

ಮನೆ 12 (ಏಪ್ರಿಲ್ 29, ಬೆಳಗ್ಗೆ 10:15)
1ರಿಂದ 5ನೇ ಕ್ರಾಸ್‌ವರೆಗೆ ಚೆನ್ನಾಗಿ ನಡೀತು. ಸ್ಲೇಟ್ ಇದ್ದ ಗಾಡಿಗಳ ಹತ್ರ ಮಾತೇ ಬೇಕಾಗಲಿಲ್ಲ, ಸೊಪ್ಪಿನಮ್ಮ ಮಾಸ್ಕ್ ಇಳಿಸಲೇ ಇಲ್ಲ. 6ನೇ ಕ್ರಾಸಿಗೆ ಈರುಳ್ಳಿ ಗಾಡಿ ಹೋಗೋ ಹೊತ್ತಿಗೆ 9:40 ಆಗಿ ಅಲ್ಲಿ ಮತ್ತೆ ಗುಂಪಾಯ್ತು. ನಾಳೆ ಎರಡು ಗಾಡಿ 6ನೇ ಕ್ರಾಸಿಂದ ಶುರುವಾಗಲಿ. ಎರಡು ಸ್ಲೇಟ್ ಇನ್ನೂ ಬೇಕು, ಯಾರ ಮನೇಲಿದ್ರೂ ಸಂಜೆಯೊಳಗೆ ನಮ್ಮ ಗೇಟ್ ಹತ್ರ ಇಟ್ಟು ಹೋಗಿ.