ಬೈಟ್‌ಕೋಡ್ ತಿದ್ದಲು ಯಾವ ಲೈಬ್ರರಿ? ಬಳಸಿದವರು ಹೇಳಿ

ಕುಂಬಳೆ: ಜಾವಾ ಮೆಥಡ್ ಓಡುವ ಸಮಯ ಅಳೆಯುವ ಏಜೆಂಟ್ ಬರೀತಾ ಇದ್ದೇನೆ, ಅಂದರೆ ಕ್ಲಾಸ್ ಲೋಡ್ ಆಗುವಾಗ ಅದರ ಬೈಟ್‌ಕೋಡನ್ನು (ಜೆವಿಎಂ ಎಂಬ ಜಾವಾ ಯಂತ್ರ ಓಡಿಸುವ ಕೋಡ್) ತಿದ್ದುವ ಪ್ರೋಗ್ರಾಂ. ಎಎಸ್‌ಎಂ, ಬಿಸೆಲ್, ಜಾವಾಸಿಸ್ಟ್ – ಯಾವುದು ಇನ್‌ಸ್ಟ್ರಕ್ಷನ್‌ಗಳನ್ನು ಹೇಗೆ ಇಟ್ಟುಕೊಳ್ತದೆ? ಯಾವುದು ಹಿಡಿಯಲಿ?

ಬದಿಯಡ್ಕ: ಬಿಸೆಲ್ ಹಿಡಿಯಿರಿ ಮಾರಾಯ್ರೇ. ಅದರಲ್ಲಿ ಇನ್‌ಸ್ಟ್ರಕ್ಷನ್ ಬೇರೆ, ಪಟ್ಟಿಯಲ್ಲಿ ಅದು ಕೂತ ಜಾಗ, ಅಂದರೆ ಹ್ಯಾಂಡಲ್, ಬೇರೆ. ಜಂಪ್‌ಗಳು (ಬೇರೆ ಕಡೆ ಹಾರುವ ಇನ್‌ಸ್ಟ್ರಕ್ಷನ್‌ಗಳು) ಬೈಟ್ ಲೆಕ್ಕ ನೋಡುವುದಿಲ್ಲ, ಹ್ಯಾಂಡಲನ್ನೇ ಹಿಡಿದಿರ್ತವೆ. ಜಂಪ್ ಬಂದು ಬೀಳುವ ಹ್ಯಾಂಡಲ್ ಅಳಿಸಿದರೆ ಟಾರ್ಗೆಟ್‌ಲಾಸ್ಟ್ ಎಕ್ಸೆಪ್ಷನ್ ಬರ್ತದೆ, ಯಾವ್ಯಾವ ಜಂಪ್ ಅನಾಥವಾಯಿತು ಅಂತ ಅದರಲ್ಲೇ ಉಂಟು. ಎಎಸ್‌ಎಂ ಟ್ರೀಯಲ್ಲಿ (ಇನ್‌ಸ್ಟ್ರಕ್ಷನ್‌ಗಳನ್ನು ನೋಡ್‌ಗಳ ಪಟ್ಟಿಯಾಗಿ ಇಡುವ ರೂಪ) ಜಂಪ್ ಬಂದು ಬೀಳುವ ಲೇಬಲ್ ಕಿತ್ತುಹಾಕಿ ನೋಡಿ, ಸೊಲ್ಲೇ ಇಲ್ಲ.

ಹೊಸೂರು: ಚೆಕ್‌ಕ್ಲಾಸ್‌ಅಡಾಪ್ಟರ್ ಅನ್ನೋ ಪರೀಕ್ಷಕ ಹಾಕಿದರೆ ಎಎಸ್‌ಎಂ ಕೂಡ ಹೇಳುತ್ತೆ. ಬಿಸೆಲ್ ಸ್ಟ್ಯಾಕ್‌ಮ್ಯಾಪ್ ಫ್ರೇಮ್ (ಆಯಾ ಜಾಗದಲ್ಲಿ ಲೋಕಲ್, ಸ್ಟ್ಯಾಕ್‌ಗಳ ಟೈಪ್ ಏನು ಅನ್ನೋ ಟಿಪ್ಪಣಿ) ಲೆಕ್ಕ ಹಾಕಿ ಕೊಡಲ್ಲ, ಅದನ್ನ ಯಾಕೆ ಮುಚ್ಚಿಟ್ರಿ? ಕ್ಲಾಸ್ ಫೈಲ್ ಆವೃತ್ತಿ 51, ಅಂದ್ರೆ ಜಾವಾ 7ರಿಂದ, ಫ್ರೇಮ್ ತಪ್ಪಿದ್ರೆ ವೆರಿಫೈಎರರ್, ಜೆವಿಎಂ ಆ ಕ್ಲಾಸನ್ನೇ ಒಪ್ಪಲ್ಲ. ಎಎಸ್‌ಎಂನಲ್ಲಿ ಇಂಟ್ ಲೋಕಲ್ ಓದೋ ಐಲೋಡ್‌ನ ಚಿಕ್ಕ ರೂಪ, ವೈಡ್ ರೂಪ ಎಲ್ಲ ಒಂದೇ ಐಲೋಡ್ ಆಗಿ ಕೈಗೆ ಬರುತ್ತೆ. ಬರೆಯುವಾಗ ಸರಿಯಾದದ್ದನ್ನ ಅದೇ ಆರಿಸುತ್ತೆ. ತಲೆನೋವು ಒಂದೇ: ಫ್ರೇಮ್ ತಾನೇ ಲೆಕ್ಕ ಹಾಕೋ ಕಂಪ್ಯೂಟ್‌ಫ್ರೇಮ್ಸ್ ಆಯ್ಕೆ ಹಾಕಿದ್ರೆ ಎರಡು ಟೈಪ್‌ಗಳ ಸಾಮಾನ್ಯ ಸೂಪರ್‌ಕ್ಲಾಸ್ ಹುಡುಕೋಕೆ ಕ್ಲಾಸನ್ನೇ ಲೋಡ್ ಮಾಡುತ್ತೆ. ಏಜೆಂಟ್ ಒಳಗೆ ಅದರಿಂದ ಕ್ಲಾಸ್‌ಸರ್ಕ್ಯುಲಾರಿಟಿ ಎರರ್ (ಲೋಡ್ ಆಗ್ತಿರೋ ಕ್ಲಾಸನ್ನೇ ಮತ್ತೆ ಲೋಡ್ ಮಾಡೋ ಸುತ್ತು). ಆ ಹುಡುಕಾಟ ಮಾಡೋ ಗೆಟ್‌ಕಾಮನ್‌ಸೂಪರ್‌ಕ್ಲಾಸ್ ಓವರ್‌ರೈಡ್ ಮಾಡಿ, ಸೂಪರ್‌ಕ್ಲಾಸ್ ಹೆಸರನ್ನ ಕ್ಲಾಸ್ ಫೈಲ್‌ನಿಂದಲೇ ಓದ್ಕೊಳ್ಳಿ.

ಅಕ್ಕಲಕೋಟೆ: ಜಾವಾಸಿಸ್ಟ್ ಹೆಸರು ಯಾರೂ ಎತ್ತವಲ್ರು. ಅದರಾಗ ಕೋಡ್ ಅಂದ್ರ ಬರೇ ಬೈಟ್ ಅರೇ, ಅದನ್ನ ಓದೋ ಕೋಡ್‌ಇಟರೇಟರ್ ಕೊಡೋದು ಬೈಟಿನ ಇಂಡೆಕ್ಸ್. ನಡುವ ಬೈಟ್ ಸೇರಿಸಿದ್ರ ಜಂಪ್ ಆಫ್‌ಸೆಟ್ (ಎಷ್ಟು ಬೈಟ್ ಹಾರಬೇಕು ಅನ್ನೋದು) ತಾನ ತಿದ್ದಕೋತದ, ಟೇಬಲ್‌ಸ್ವಿಚ್ (ಹಲವು ಕಡೆ ಹಾರೋ ಇನ್‌ಸ್ಟ್ರಕ್ಷನ್) ಮುಂದಿನ 0–3 ಪ್ಯಾಡಿಂಗ್ (ಜಾಗ ತುಂಬೋ) ಬೈಟೂ ಸಂಭಾಳಸ್ತದ.

ಹೊಸೂರು: ಸೇರಿಸೋ ಮೊದಲು ಹಿಡಿದಿಟ್ಟ ಇಂಡೆಕ್ಸ್ ಆಮೇಲೆ ಬೇರೆ ಕಡೆ ತೋರಿಸುತ್ತಲ್ಲ, ಅದು?

ಅಕ್ಕಲಕೋಟೆ: ಹಳೇ ಇಂಡೆಕ್ಸ್ ಯಾಕ್ ಇಟ್ಕೋಬೇಕ್ರಿ? ನಿಮ್ಮ ಎಎಸ್‌ಎಂದಾಗ ಒಂದ ನೋಡ್ ಎರಡು ಲಿಸ್ಟಿಗೆ ಹಾಕ್ರಿ, ಕೊಂಡಿ ಹರದು ಹೋಗ್ತದ. ಹಳೇ ಲೇಬಲ್ಲಿಗೆ ಹೊಸದು ಯಾವುದು ಅನ್ನೋ ಲೇಬಲ್ ಮ್ಯಾಪ್ ಕೊಟ್ಟು ಕ್ಲೋನ್ ಮಾಡಬೇಕು. ಅದನ್ನೂ ಹೇಳ್ರಿ ಮತ್ತ.

ಮಂಜೇಶ್ವರ: ಇಬ್ಬರೂ ಕೇಳಿದ್ದು ಬಿಟ್ಟು ಜಗಳ ಆಡ್ತಿದ್ದೀರಿ. ಸಮಯ ಅಳೆಯಲು ಎಎಸ್‌ಎಂನ ಅಡ್ವೈಸ್‌ಅಡಾಪ್ಟರ್ (ಮೆಥಡಿನ ಶುರುವಿಗೆ, ಕೊನೆಗೆ ಕೋಡ್ ಸೇರಿಸುವ ಕ್ಲಾಸ್) ಸಾಕು, ಕ್ಲಾಸ್ ಓದುವ ರೀಡರಿಗೆ ಎಕ್ಸ್‌ಪ್ಯಾಂಡ್‌ಫ್ರೇಮ್ಸ್ ಆಯ್ಕೆ ಕೊಡಲೇಬೇಕು. ಶುರುವಿನ ಸಮಯ ಲಾಂಗ್, ಲೋಕಲ್‌ಗಳ ಸಾಲಿನಲ್ಲಿ ಎರಡು ಸ್ಲಾಟ್. ಹೊಸ ಜಾಗ ಕೊಡುವ ನ್ಯೂಲೋಕಲ್ ಬಳಸಿದರೆ ಹಳೆಯ ಲೋಕಲ್‌ಗಳ ಮೇಲೆ ಬೀಳುವುದಿಲ್ಲ. ಆದರೆ ಒಳಗಿಂದ ಕರೆದ ಮೆಥಡ್ ಎಸೆದ ಎಕ್ಸೆಪ್ಷನ್ ಹಾಗೇ ದಾಟಿ ಹೋದರೆ ಮೆಥಡಿನ ಕೊನೆಗೆ ಕೋಡ್ ಸೇರಿಸುವ ಆನ್‌ಮೆಥಡ್‌ಎಕ್ಸಿಟ್ ಓಡುವುದಿಲ್ಲ. ಮೆಥಡಿನ ಕೋಡ್ ಮುಗಿದಾಗ ಬರುವ ವಿಸಿಟ್‌ಮ್ಯಾಕ್ಸ್‌ನಲ್ಲಿ ಇಡೀ ಮೆಥಡಿಗೆ ಕ್ಯಾಚ್ ಬ್ಲಾಕ್ ಸೇರಿಸಿ, ಅದಕ್ಕೆ ಫ್ರೇಮ್ ಬೇಕು.

ಬದಿಯಡ್ಕ: ಅಷ್ಟೆಲ್ಲ ಯಾಕೆ? ಜೆಡಿಕೆ (ಜಾವಾ ಕಿಟ್) 24ರಲ್ಲಿ ಕ್ಲಾಸ್ ಫೈಲ್ ಓದಿ ತಿದ್ದುವ ಕ್ಲಾಸ್‌ಫೈಲ್ ಎಪಿಐ ಒಳಗೇ ಬಂದುಂಟು. ಇನ್‌ಸ್ಟ್ರಕ್ಷನ್ ಎಲ್ಲ ಬದಲಾಗದ ಆಬ್ಜೆಕ್ಟ್, ನೋಡ್ ಹರಿಯುವ ಗಲಾಟೆಯೇ ಇಲ್ಲ.

ಹೊಸೂರು: ಈಗ ತಾನೆ ಬಿಸೆಲ್ ಅಂದ್ರಿ! ಏಜೆಂಟ್ ಓಡೋ ಜೆವಿಎಂ 17 ಆಗಿದ್ರೆ ಆ ಎಪಿಐ ಎಲ್ಲಿಂದ ತರ್ತೀರಿ? ಕುಂಬಳೆಯವರೇ, ನಿಮ್ಮ ಸರ್ವರ್‌ನಲ್ಲಿ ಯಾವ ಜಾವಾ ಇದೆ, ಮೊದಲು ಅದನ್ನ ಹೇಳಿ.